ಹದಿಹರೆಯದವರ ಆರೋಗ್ಯ: ನಿರ್ಬಂಧಗಳ ಜೊತೆಗೆ ಬೇಕಾದ ರಕ್ಷಕ ಅಂಶಗಳು

ಸಾರ್ವಜನಿಕರ ಮಾಹಿತಿಗಾಗಿ: ಬ್ಯಾಡರಹಳ್ಳಿ ಹಾಗೂ ಸುತ್ತಮುತ್ತಲಿನ ಪ್ರದೇಶಗಳ ಅರ್ಜಿದಾರರ ಅವಗಾಹನೆಗೆ

1. ಪೀಠಿಕೆ

ಪ್ರತಿ ವರ್ಷ ಮೇ ಮಾಹೆಯಿಂದ ಆಗಸ್ಟ್ ಮಾಹೆಯವರೆಗೆ ಆದಾಯ ಪ್ರಮಾಣ ಪತ್ರ, ಜಾತಿ ಪ್ರಮಾಣ ಪತ್ರ, ವಿದ್ಯಾರ್ಥಿ ವೇತನ, ವಿದ್ಯಾರ್ಥಿನಿಲಯ ಪ್ರವೇಶ ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವವರಲ್ಲಿ ಬಹುಪಾಲು ಜನರು ಹದಿಹರೆಯದ ಮಕ್ಕಳ ತಂದೆ ತಾಯಂದಿರಾಗಿರುತ್ತಾರೆ. ಅರ್ಜಿಯ ವಿಷಯ ಮುಗಿದ ಮೇಲೆ ಇವರಲ್ಲಿ ಅನೇಕರು ಬೇರೊಂದು ಮಾತನ್ನು ಎತ್ತುವುದುಂಟು. ಮಗ ಸಂಜೆ ಎಲ್ಲಿಗೆ ಹೋಗುತ್ತಾನೆಂದು ಹೇಳುವುದಿಲ್ಲ, ಮಗಳು ಊಟ ಬಿಟ್ಟಿದ್ದಾಳೆ, ಮೊಬೈಲ್ ಕಸಿದುಕೊಂಡರೆ ಮಾತೇ ನಿಲ್ಲಿಸುತ್ತಾರೆ ಎಂಬಂತಹ ಅಳಲುಗಳವು. ಇವುಗಳಿಗೆ ಯಾವ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ಅವರಿಗೆ ತಿಳಿದಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 10 ರಿಂದ 19 ವರ್ಷದೊಳಗಿನವರನ್ನು ಹದಿಹರೆಯದವರೆಂದು ಪರಿಗಣಿಸುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ ಈ ವಯೋಮಾನದವರ ಸಂಖ್ಯೆ 25 ಕೋಟಿಗೂ ಅಧಿಕವಾಗಿತ್ತು. ಇವರ ಆರೋಗ್ಯದ ಕುರಿತು ಇತ್ತೀಚೆಗೆ ಕೈಗೊಂಡ ಕೆಲವು ನಿರ್ಣಯಗಳನ್ನೂ, ಅವುಗಳ ಹಿಂದಿರುವ ಸಂಶೋಧನೆಗಳನ್ನೂ ವಿಶ್ಲೇಷಿಸಿ, ಅರ್ಜಿದಾರ ಕುಟುಂಬಗಳಿಗೆ ಉಪಯುಕ್ತವಾಗುವ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಇತ್ತೀಚಿನ ಮೂರು ನಿರ್ಣಯಗಳು

ಮೊದಲನೆಯದು ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು. ಕರ್ನಾಟಕ ವಿಧಾನಮಂಡಲವು 2024ರಲ್ಲಿ ಅಂಗೀಕರಿಸಿದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆಯು ರಾಷ್ಟ್ರಪತಿಯವರ ಅಂಕಿತ ಪಡೆದು 2025ರಲ್ಲಿ ಜಾರಿಗೆ ಬಂದಿತು. ಇದರನ್ವಯ ತಂಬಾಕು ಉತ್ಪನ್ನಗಳನ್ನು ಕೊಳ್ಳಲು ಇರಬೇಕಾದ ಕನಿಷ್ಠ ವಯಸ್ಸನ್ನು 18ರಿಂದ 21 ವರ್ಷಗಳಿಗೆ ಏರಿಸಲಾಗಿದ್ದು, ಹುಕ್ಕಾ ಬಾರ್‌ಗಳನ್ನು ನಿಷೇಧಿಸಲಾಗಿದೆ.

ಎರಡನೆಯದು ಹೊರದೇಶದ್ದು. ಆಸ್ಟ್ರೇಲಿಯಾ ದೇಶವು 10-12-2025ರಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ನಿರ್ಬಂಧಿಸಿತು. ಇಂತಹ ಕಾನೂನು ಇಲ್ಲಿಯೂ ಬೇಕೇ ಎಂಬ ಚರ್ಚೆ ಆನಂತರ ನಮ್ಮಲ್ಲಿಯೂ ಬಲವಾಗಿ ನಡೆದಿದೆ.

ಮೂರನೆಯದು ಮಾನ್ಯ ಸರ್ವೋಚ್ಚ ನ್ಯಾಯಾಲಯದ ತೀರ್ಪು. ದೇಶದಲ್ಲಿ 2022ನೇ ಸಾಲಿನಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತಪಟ್ಟರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದೆ. ಈ ಹಿನ್ನೆಲೆಯಲ್ಲಿ ನ್ಯಾಯಾಲಯವು 25-07-2025ರಂದು, ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯವಾಗುವ 15 ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಕನಿಷ್ಠ ಒಬ್ಬ ತರಬೇತಿ ಹೊಂದಿದ ಆಪ್ತ ಸಮಾಲೋಚಕರನ್ನಾಗಲಿ, ಮನಶ್ಶಾಸ್ತ್ರಜ್ಞರನ್ನಾಗಲಿ, ಸಮಾಜ ಕಾರ್ಯಕರ್ತರನ್ನಾಗಲಿ ಹೊಂದಿರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ತಂಡಗಳನ್ನಾಗಿ ವಿಂಗಡಿಸಬಾರದು. ಸಹಾಯವಾಣಿ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು ಎಂಬುವು ಇವುಗಳಲ್ಲಿ ಮುಖ್ಯವಾದವು.

ಮೊದಲಿನ ಎರಡು ನಿರ್ಣಯಗಳು ಅಪಾಯವನ್ನು ಮಕ್ಕಳಿಂದ ದೂರವಿಡುತ್ತವೆ. ಮೂರನೆಯದು ಮಕ್ಕಳ ಹತ್ತಿರ ಒಬ್ಬ ಹಿರಿಯರನ್ನು ತಂದು ನಿಲ್ಲಿಸಲು ಪ್ರಯತ್ನಿಸುತ್ತದೆ. ಸಾರ್ವಜನಿಕ ಚರ್ಚೆಯಲ್ಲಿ ನಿರ್ಬಂಧಗಳಿಗೆ ದೊರೆತಷ್ಟು ಗಮನ ಈ ಮೂರನೆಯ ಕ್ರಮಕ್ಕೆ ದೊರೆತಿಲ್ಲ. ಆದರೆ ಕಳೆದ ಹಲವು ದಶಕಗಳ ಸಂಶೋಧನೆಯನ್ನು ಗಮನಿಸಿದಲ್ಲಿ, ಕುಟುಂಬಗಳು ಸ್ವತಃ ಮಾಡಬಹುದಾದ ಕೆಲಸವು ಹೆಚ್ಚಾಗಿ ಈ ಮೂರನೆಯ ಬಗೆಯಲ್ಲಿಯೇ ಇದೆ ಎಂಬುದು ಕಂಡುಬರುತ್ತದೆ.

3. ರಕ್ಷಕ ಅಂಶ ಎಂದರೇನು?

ಧೂಮಪಾನ, ಮದ್ಯಪಾನ, ಹಿಂಸೆ, ಶಾಲೆ ತೊರೆಯುವುದು, ತೀವ್ರ ಖಿನ್ನತೆ ಇವುಗಳ ಸಾಧ್ಯತೆಯನ್ನು ಹೆಚ್ಚಿಸುವ ಸಂಗತಿಗಳನ್ನು ಅಪಾಯದ ಅಂಶಗಳೆನ್ನುತ್ತಾರೆ. ಅದೇ ಅಪಾಯದ ನಡುವೆಯೂ ಮಗುವನ್ನು ಕಾಪಾಡುವ ಸಂಗತಿಗಳು ರಕ್ಷಕ ಅಂಶಗಳು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಆಸ್ತಿ ಮತ್ತು ಹೊಣೆ ಎರಡನ್ನೂ ಬರೆಯದ ಹೊರತು ತಃಖ್ತೆ ಸರಿಹೊಂದುವುದಿಲ್ಲ. ಬಹುಕಾಲದವರೆಗೆ ಆರೋಗ್ಯ ಕಾರ್ಯಕ್ರಮಗಳು ಹದಿಹರೆಯದವರ ವಿಷಯದಲ್ಲಿ ಹೊಣೆಯ ಬದಿಯನ್ನು ಮಾತ್ರ ಬರೆಯುತ್ತಿದ್ದವು.

ಆಸ್ತಿಯ ಬದಿಯನ್ನು ಬರೆಯಲು ಆರಂಭಿಸಿದ ಅಧ್ಯಯನಗಳಲ್ಲಿ ಪ್ರಸಿದ್ಧವಾದುದು ಹವಾಯಿಯ ಕವಾಯ್ ದ್ವೀಪದ್ದು. 1955ರಲ್ಲಿ ಅಲ್ಲಿ ಜನಿಸಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಸಂಶೋಧಕರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿನ ಕಲಹ, ಪೋಷಕರ ಕುಡಿತ ಅಥವಾ ಮಾನಸಿಕ ಕಾಯಿಲೆಯಂತಹ ಹಲವು ತೊಂದರೆಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಸಮರ್ಥರೂ ಸಂವೇದನಾಶೀಲರೂ ಆದ ವಯಸ್ಕರಾಗಿ ರೂಪುಗೊಂಡರು. ಇವರ ಬಾಲ್ಯದಲ್ಲಿ ಸಾಮಾನ್ಯವಾಗಿ ಕಂಡುಬಂದ ಸಂಗತಿ ಎಂದರೆ, ತಂದೆ ತಾಯಿಯಿಂದ ಸಾಧ್ಯವಾಗದಿದ್ದರೂ ಅಜ್ಜಿಯೋ, ಶಿಕ್ಷಕರೋ, ನೆರೆಯವರೋ ಕನಿಷ್ಠ ಒಬ್ಬರು ಆ ಮಗುವನ್ನು ಬಿಡದೆ ಹಚ್ಚಿಕೊಂಡಿದ್ದರು.

4. ಸಂಶೋಧನೆಗಳಿಂದ ತಿಳಿದುಬಂದ ಮುಖ್ಯಾಂಶಗಳು

1997ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮೈಕೇಲ್ ರೆಸ್ನಿಕ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದ ಮೈಲಿಗಲ್ಲೆನಿಸಿದೆ. 7ರಿಂದ 12ನೇ ತರಗತಿಯ 12,118 ವಿದ್ಯಾರ್ಥಿಗಳ ಸಂದರ್ಶನವನ್ನು ಇದು ಆಧರಿಸಿತ್ತು. ಭಾವನಾತ್ಮಕ ಯಾತನೆ, ಆತ್ಮಹತ್ಯೆಯ ಆಲೋಚನೆ, ಹಿಂಸೆ, ಸಿಗರೇಟು, ಮದ್ಯ, ಗಾಂಜಾ ಸೇವನೆ ಮುಂತಾದ ಪ್ರತಿಯೊಂದು ಅಳತೆಯಲ್ಲಿಯೂ ಎರಡು ಅಂಶಗಳು ಕಡಿಮೆ ಅಪಾಯದೊಂದಿಗೆ ಸೇರಿಕೊಂಡಿದ್ದವು. ಒಂದು, ತಂದೆ ತಾಯಿ ಹಾಗೂ ಕುಟುಂಬದೊಂದಿಗಿನ ಆಪ್ತತೆ. ಇನ್ನೊಂದು, ಈ ಶಾಲೆ ನನ್ನದು, ಇಲ್ಲಿ ನನ್ನನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂಬ ಭಾವನೆ. ಗರ್ಭಧಾರಣೆಗೆ ಸಂಬಂಧಿಸಿದ ಅಳತೆಯೊಂದರಲ್ಲಿ ಮಾತ್ರ ಇದಕ್ಕೆ ಅಪವಾದವಿತ್ತು.

ಇದೇ ಅಧ್ಯಯನದ ಇನ್ನೂ ಎರಡು ಅಂಶಗಳು ದುಡಿಯುವ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿವೆ. ಬೆಳಿಗ್ಗೆ, ಶಾಲೆ ಬಿಟ್ಟ ಬಳಿಕ, ರಾತ್ರಿಯೂಟದ ವೇಳೆ ಪೋಷಕರು ಮನೆಯಲ್ಲಿರುವುದು ಸಹಾಯಕವೇ ಆಗಿತ್ತು. ಆದರೆ ಅದಕ್ಕಿಂತಲೂ ಹೆಚ್ಚು ಸ್ಥಿರವಾಗಿ ಪ್ರಭಾವ ತೋರಿದ್ದು, ಪೋಷಕರು ತನ್ನನ್ನು ಅರಿತಿದ್ದಾರೆ, ತನ್ನ ಬಗ್ಗೆ ಕಾಳಜಿ ಹೊಂದಿದ್ದಾರೆ ಎಂಬ ಮಗುವಿನ ಅನುಭವ. ಹಾಗೆಯೇ, ವಾರಕ್ಕೆ 20 ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಸಂಬಳಕ್ಕೆ ದುಡಿಯುವ ವಿದ್ಯಾರ್ಥಿಗಳಲ್ಲಿ ಯಾತನೆ ಮತ್ತು ಮಾದಕ ವಸ್ತು ಬಳಕೆ ಎರಡೂ ಅಧಿಕವಾಗಿದ್ದವು.

ಒಂದೇ ಕಾಲಘಟ್ಟದಲ್ಲಿ ನಡೆಸಿದ ಸಮೀಕ್ಷೆಯು ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಖಚಿತವಾಗಿ ಸಾಬೀತುಪಡಿಸಲಾರದು. ಆಪ್ತತೆಯಿಂದ ಅಪಾಯ ತಗ್ಗಿರಬಹುದು. ಅಪಾಯದ ನಡವಳಿಕೆಯಿಂದ ಆಪ್ತತೆ ತಗ್ಗಿರಲೂಬಹುದು. ಮೇಲಾಗಿ ಅದು ಬೇರೊಂದು ದೇಶದ ಸಮಾಜ. ಆದುದರಿಂದ ನಮ್ಮ ಸುತ್ತಲಿನ ಪುರಾವೆಯನ್ನೂ ನೋಡುವುದು ಅಗತ್ಯ.

ನೆರೆಯ ಗೋವಾ ರಾಜ್ಯದಲ್ಲಿ 12ರಿಂದ 16 ವರ್ಷದ 2,048 ಮಕ್ಕಳ ಅಧ್ಯಯನ ನಡೆದು, 2008ರಲ್ಲಿ ಪ್ರಕಟವಾಯಿತು. ಮಾನಸಿಕ ಅಸ್ವಸ್ಥತೆಯ ಪ್ರಮಾಣ ಶೇ. 1.81 ಮಾತ್ರ ಇದ್ದು, ಕುಟುಂಬದ ದೃಢವಾದ ಬೆಂಬಲವೇ ಈ ಕಡಿಮೆ ಪ್ರಮಾಣದೊಂದಿಗೆ ಸೇರಿಕೊಂಡ ಮುಖ್ಯ ಅಂಶವೆಂದು ಸಂಶೋಧಕರು ಗುರುತಿಸಿದರು. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇ. 7.3 ಎಂದು ಕಂಡುಬಂದಿತು. ಗ್ರಾಮೀಣ ಪ್ರದೇಶಗಳಲ್ಲಿ ಅದು ಶೇ. 6.9 ಇದ್ದರೆ, ಮಹಾನಗರಗಳಲ್ಲಿ ಶೇ. 13.5. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲವಾದ್ದರಿಂದ ಈ ಅಂಕಿಗಳನ್ನು ಬೆಂಗಳೂರಿನ ಅಂಕಿಗಳೆಂದು ಓದಬಾರದು. ಆದರೂ ಹಳ್ಳಿಯಿಂದ ಮಹಾನಗರಕ್ಕೆ ಬರುವಾಗ ಈ ಪ್ರಮಾಣ ಸುಮಾರು ಇಮ್ಮಡಿಯಾಗಿರುವುದು, ನಗರದ ಅಂಚಿನಲ್ಲಿರುವ ನಮ್ಮಂತಹ ಪ್ರದೇಶಗಳು ಗಮನಿಸಬೇಕಾದ ಸಂಗತಿ.

5. ಕರ್ನಾಟಕದ ಅನುಭವ

ರಕ್ಷಕ ಅಂಶಗಳನ್ನು ಬೆಳೆಸಲು ಸಾಧ್ಯವೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಒಂದು ಪ್ರಯೋಗ ನಡೆದಿದೆ. ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ಅವರು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಜೀವನ ಕೌಶಲ್ಯ ಶಿಕ್ಷಣದ ಮಾದರಿಯೊಂದನ್ನು ರೂಪಿಸಿದರು. ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ನೋವನ್ನು ಅರಿಯುವುದು, ಒತ್ತಡವನ್ನು ನಿಭಾಯಿಸುವುದು ಮೊದಲಾದ ಕೌಶಲ್ಯಗಳನ್ನು ಉಪನ್ಯಾಸದ ಬದಲು ಚಟುವಟಿಕೆಗಳ ಮೂಲಕ, ಅದೇ ಶಾಲೆಯ ತರಬೇತಾದ ಶಿಕ್ಷಕರಿಂದಲೇ ಕಲಿಸುವುದು ಇದರ ಕ್ರಮ. ರಾಜ್ಯದ 4 ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ, ಸುಮಾರು 55,000 ವಿದ್ಯಾರ್ಥಿಗಳಿಗೆ ಇದು ತಲುಪಿತು. 2010ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ, ಕಾರ್ಯಕ್ರಮ ನಡೆದ ಶಾಲೆಗಳ 605 ವಿದ್ಯಾರ್ಥಿಗಳನ್ನು ಸಮೀಪದ ಬೇರೆ ಶಾಲೆಗಳ 423 ವಿದ್ಯಾರ್ಥಿಗಳೊಂದಿಗೆ ಹೋಲಿಸಲಾಯಿತು. ಒಂದು ವರ್ಷದ ಬಳಿಕ ಮೊದಲ ಗುಂಪಿನವರಲ್ಲಿ ಆತ್ಮಗೌರವ, ಕಷ್ಟವನ್ನು ನಿಭಾಯಿಸಬಲ್ಲೆನೆಂಬ ನಂಬಿಕೆ, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿತ್ತು. ಆದರೆ ಮನೆಯಲ್ಲಿ ಹಾಗೂ ಗೆಳೆಯರೊಂದಿಗೆ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯಲ್ಲಿ ಮಾಡಿದ ಕೆಲಸ ಶಾಲೆಯಲ್ಲಿ ಫಲ ಕೊಟ್ಟಿತು. ಮನೆಯ ಕೆಲಸವನ್ನು ಮನೆಯವರೇ ಮಾಡಬೇಕಾಗಿ ಉಳಿಯಿತು ಎಂಬುದೇ ಇದರ ಸಾರಾಂಶ.

ಇದಕ್ಕೆ ಪೂರಕವಾಗಿ ಬಿಹಾರದ ನಳಂದಾ ಜಿಲ್ಲೆಯ ಪ್ರಯೋಗವನ್ನು ನೋಡಬಹುದು. ಅಲ್ಲಿನ 75 ಸರ್ಕಾರಿ ಪ್ರೌಢಶಾಲೆಗಳನ್ನು ಮೂರು ಗುಂಪುಗಳನ್ನಾಗಿ ವಿಂಗಡಿಸಿ, ಒಂದು ಗುಂಪಿನಲ್ಲಿ ಈ ಕೆಲಸಕ್ಕೆಂದೇ ನೇಮಿಸಿದ ಸ್ಥಳೀಯ ಸಮಾಲೋಚಕರಿಂದಲೂ, ಇನ್ನೊಂದರಲ್ಲಿ ಶಿಕ್ಷಕರಿಂದಲೂ ಒಂದೇ ಕಾರ್ಯಕ್ರಮವನ್ನು ನಡೆಸಲಾಯಿತು. ಮೂರನೆಯ ಗುಂಪಿನ ಶಾಲೆಗಳು ಹೋಲಿಕೆಗಾಗಿ ಉಳಿದವು. ಗೋಡೆ ಪತ್ರಿಕೆ, ಮಕ್ಕಳು ಹೆಸರಿಲ್ಲದೆ ಚೀಟಿ ಹಾಕಬಹುದಾದ ಪೆಟ್ಟಿಗೆ, ಸ್ಪರ್ಧೆಗಳು, ವೈಯಕ್ತಿಕ ಮಾತುಕತೆ ಇಂತಹ ಸರಳ ಕ್ರಮಗಳೇ ಇದರಲ್ಲಿದ್ದವು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲಾ ವಾತಾವರಣ ಸುಧಾರಿಸಿ, ಖಿನ್ನತೆ, ಪೀಡನೆ ಮತ್ತು ಹಿಂಸೆ ಕಡಿಮೆಯಾದವು. ಶಿಕ್ಷಕರಿಗೆ ಒಪ್ಪಿಸಿದ ಶಾಲೆಗಳಲ್ಲಿ ಅಂತಹ ಪರಿಣಾಮ ಕಾಣಲಿಲ್ಲ.

ಕರ್ನಾಟಕದಲ್ಲಿ ಶಿಕ್ಷಕರಿಂದ ಸಾಧ್ಯವಾದುದು ಬಿಹಾರದಲ್ಲಿ ಏಕೆ ಸಾಧ್ಯವಾಗಲಿಲ್ಲ? ಎರಡೂ ಅಧ್ಯಯನಗಳ ವಿಧಾನವೂ ಅಳತೆಗಳೂ ಬೇರೆಯಾದ್ದರಿಂದ ನೇರ ಹೋಲಿಕೆ ಸಾಧುವಲ್ಲ. ಆದರೆ ಒಂದು ವಿವೇಚನೆಗೆ ಅವಕಾಶವಿದೆ. ಮಗುವಿನ ಮಾತು ಕೇಳುವುದನ್ನು ಈಗಾಗಲೇ ಹೊರೆಯಿರುವ ವ್ಯಕ್ತಿಗೆ ಮತ್ತೊಂದು ಕೆಲಸವಾಗಿ ಒಪ್ಪಿಸಿದರೆ ಅದು ದಾಖಲೆಯಲ್ಲಿ ಮಾತ್ರ ಉಳಿಯುವ ಸಂಭವವಿದೆ. 2020ರಲ್ಲಿ ಆರಂಭಗೊಂಡ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಡಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಗುರುತಿಸುವ ವ್ಯವಸ್ಥೆಯಿದೆ. ಸದರಿ ವ್ಯವಸ್ಥೆ ಫಲ ಕೊಡಬೇಕಾದರೆ ಆ ಶಿಕ್ಷಕರಿಗೆ ಅದಕ್ಕಾಗಿ ಸಮಯವಿರಬೇಕು. ಸರ್ವೋಚ್ಚ ನ್ಯಾಯಾಲಯವು ಪ್ರತ್ಯೇಕ ಸಮಾಲೋಚಕರ ಅಗತ್ಯವನ್ನು ಒತ್ತಿ ಹೇಳಿರುವುದು ಈ ದೃಷ್ಟಿಯಿಂದ ಸಮರ್ಪಕವಾಗಿದೆ.

ಎಲ್ಲ ಪ್ರಯತ್ನಗಳೂ ನಿರೀಕ್ಷಿತ ಫಲ ನೀಡಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಗ್ರಾಮಗಳಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಾಲಕಿಯರು ಪ್ರೌಢಶಾಲೆಯಲ್ಲಿ ಉಳಿಯುವಂತೆ ಮಾಡಲು 2014ರಿಂದ 2017ರವರೆಗೆ ಸಮತಾ ಎಂಬ ಕಾರ್ಯಕ್ರಮ ನಡೆಯಿತು. ಕಾರ್ಯಕ್ರಮವಿದ್ದ ಗ್ರಾಮಗಳಿಗೂ ಇಲ್ಲದ ಗ್ರಾಮಗಳಿಗೂ ಒಟ್ಟಾರೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಎರಡೂ ಕಡೆ ಶಾಲೆ ಬಿಡುವವರ ಪ್ರಮಾಣ ಮೊದಲು ಅಂದಾಜಿಸಿದ್ದಕ್ಕಿಂತ ಕಡಿಮೆಯೇ ಇತ್ತು. ಹೆಣ್ಣುಮಕ್ಕಳನ್ನು ಓದಿಸಬೇಕೆಂಬ ಬಯಕೆ ಕುಟುಂಬಗಳಲ್ಲಿ ತಾನಾಗಿಯೇ ಬೆಳೆಯುತ್ತಿತ್ತು ಎಂಬುದು ಇದರಿಂದ ತಿಳಿಯುವ ಸಮಾಧಾನದ ಸಂಗತಿ.

ನಿರ್ಬಂಧಗಳಿಗೂ ಅವುಗಳದೇ ಪ್ರಯೋಜನವಿದೆ. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳ ತಂಬಾಕು ಬಳಕೆ ದೇಶದಲ್ಲಿ ಶೇ. 8.5 ಇದ್ದರೆ, ಕರ್ನಾಟಕದಲ್ಲಿ ಶೇ. 1.2 ಮಾತ್ರ ಇತ್ತು. ಇದು ಶಾಲೆಯೊಳಗಿರುವ ಮಕ್ಕಳ ಅಂಕಿ ಎಂಬುದನ್ನು ಮರೆಯಬಾರದು. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದವರು ಇಂತಹ ಎಣಿಕೆಯಲ್ಲಿ ಬರುವುದೇ ಇಲ್ಲ.

6. ಬ್ಯಾಡರಹಳ್ಳಿಯಂತಹ ಪ್ರದೇಶಗಳಲ್ಲಿ ಇದರ ಅರ್ಥ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಅಂಜನಾನಗರಗಳನ್ನು ದಾಟಿದ ಮೇಲೆ ಸಿಗುವ ಬ್ಯಾಡರಹಳ್ಳಿಯು ಹಳ್ಳಿಯ ಹೆಸರನ್ನು ಉಳಿಸಿಕೊಂಡು ನಗರವಾಗಿರುವ ಪ್ರದೇಶ. ಪೀಣ್ಯದ ಕಾರ್ಖಾನೆಗಳು, ಸಿದ್ಧ ಉಡುಪು ಘಟಕಗಳು, ಕಟ್ಟಡ ಮತ್ತು ಸಾರಿಗೆ ಕೆಲಸಗಳನ್ನು ಅವಲಂಬಿಸಿ ಬೇರೆ ಜಿಲ್ಲೆಗಳಿಂದ ಬಂದು ಬಾಡಿಗೆ ಮನೆಗಳಲ್ಲಿ ನೆಲೆಸಿದ ಕುಟುಂಬಗಳು ಇಲ್ಲಿ ಬಹಳ. ಹೊಸಹಳ್ಳಿಯಿಂದ ಕಡಬಗೆರೆಯವರೆಗಿನ 12.50 ಕಿ.ಮೀ. ಮೆಟ್ರೋ ಮಾರ್ಗಕ್ಕೆ 2024ರ ಆಗಸ್ಟ್ ಮಾಹೆಯಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತ ಬಳಿಕ ಈ ಭಾಗದ ಬೆಳವಣಿಗೆ ಮತ್ತಷ್ಟು ತ್ವರಿತಗೊಳ್ಳುವ ನಿರೀಕ್ಷೆಯಿದೆ.

ಇಂತಹ ಪ್ರದೇಶದಲ್ಲಿ ಮೇಲ್ಕಂಡ ಸಂಶೋಧನೆಗಳನ್ನು ಅನ್ವಯಿಸಿ ನೋಡಿದಲ್ಲಿ ಮೂರು ಅಂಶಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಊರಿನಲ್ಲಿ ತಾನಾಗಿಯೇ ದೊರೆಯುತ್ತಿದ್ದ ರಕ್ಷಣೆಯು ನಗರಕ್ಕೆ ಬರುವಾಗ ಹಿಂದೆಯೇ ಉಳಿದುಬಿಡುತ್ತದೆ. ಅಲ್ಲಿ ಅಜ್ಜಿ, ಸೋದರಮಾವ, ಪಕ್ಕದ ಮನೆಯವರು, ಅಂಗಡಿಯವರು ಮಗುವನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಇಲ್ಲಿ ಆ ಸ್ಥಾನವನ್ನು ತುಂಬಬಲ್ಲ ಒಬ್ಬ ಹಿರಿಯರನ್ನು ಕುಟುಂಬವೇ ಯೋಚಿಸಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ತರಗತಿ ಶಿಕ್ಷಕರು, ಆಟದ ತರಬೇತುದಾರರು, ಗ್ರಂಥಾಲಯದ ಸಿಬ್ಬಂದಿ, ನಂಬಿಕಸ್ಥ ನೆರೆಯವರು ಯಾರಾದರೂ ಆಗಬಹುದು.

ಎರಡನೆಯದಾಗಿ, ಪಾಳಿಯಲ್ಲಿ ದುಡಿಯುವ ತಾಯಿಗೆ ಸಂಜೆ ನಾಲ್ಕು ಗಂಟೆಗೆ ಮನೆಯಲ್ಲಿರಲು ಸಾಧ್ಯವಿಲ್ಲ. ಅದಕ್ಕಾಗಿ ಆಕೆಯನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಹಾಜರಿಗಿಂತ ಆಪ್ತತೆ ಮುಖ್ಯವೆಂಬುದು ಅಂತಹವರಿಗೆ ಧೈರ್ಯ ತುಂಬುವ ಅಂಶ. ದಿನದಲ್ಲಿ ಹದಿನೈದು ನಿಮಿಷ, ಅಂಕಗಳ ವಿಚಾರಣೆ ಇಲ್ಲದೆ, ಮೊಬೈಲನ್ನು ಇಬ್ಬರೂ ಪಕ್ಕಕ್ಕಿಟ್ಟು ನಡೆಸುವ ಮಾತು ಆಪ್ತತೆಯನ್ನು ಕಾಪಾಡಲು ಸಾಕಾಗಬಹುದು.

ಮೂರನೆಯದಾಗಿ, ಬಾಡಿಗೆ ಕರಾರು ಮುಗಿದಾಗಲೆಲ್ಲ ಮನೆ ಬದಲಾಗುತ್ತದೆ. ಮನೆಯೊಂದಿಗೆ ಕೆಲವೊಮ್ಮೆ ಶಾಲೆಯೂ ಬದಲಾಗುತ್ತದೆ. 8, 9, 10ನೇ ತರಗತಿಗಳಲ್ಲಿ ಶಾಲೆ ಬದಲಿಸಿದ ಮಗು ಶಿಕ್ಷಕರು, ಗೆಳೆಯರು, ಆಟದ ಬಯಲು ಎಲ್ಲವನ್ನೂ ಒಮ್ಮೆಲೇ ಕಳೆದುಕೊಳ್ಳುತ್ತದೆ. ಸಾಧ್ಯವಿದ್ದಲ್ಲಿ ಪ್ರೌಢಶಾಲೆ ಮುಗಿಯುವವರೆಗೆ ಅದೇ ಶಾಲೆಗೆ ಓಡಾಡುವಷ್ಟು ಹತ್ತಿರದಲ್ಲಿ ಮನೆ ಹುಡುಕುವುದು ಉಚಿತ. ಅನಿವಾರ್ಯವಾಗಿ ಬದಲಿಸಬೇಕಾದಾಗ ಶೈಕ್ಷಣಿಕ ವರ್ಷದ ನಡುವೆ ಮಾಡದಿರುವುದು ಒಳಿತು.

7. ಅರ್ಜಿಗಳಿಗೂ ಆರೋಗ್ಯಕ್ಕೂ ಇರುವ ಸಂಬಂಧ

ಶಾಲೆಯೊಂದಿಗಿನ ನಂಟು ರಕ್ಷಕ ಅಂಶವಾಗಿರುವುದಾದರೆ, ಆ ನಂಟನ್ನು ಕಡಿಯುವ ವಿಳಂಬವು ಅಪಾಯದ ಅಂಶವೇ ಆಗುತ್ತದೆ. ಒಂದು ಪ್ರಮಾಣ ಪತ್ರ ತಡವಾದುದರಿಂದ ವಿದ್ಯಾರ್ಥಿನಿಲಯದ ಸ್ಥಾನ ತಪ್ಪಬಹುದು. ಸ್ಥಾನ ತಪ್ಪಿದ ಹುಡುಗ ಈ ವರ್ಷ ಕೆಲಸ ಮಾಡುತ್ತೇನೆ, ಮುಂದಿನ ವರ್ಷ ಓದುತ್ತೇನೆ ಎಂದು ಹೇಳಬಹುದು. ಹಾಗೆ ಹೋದವರಲ್ಲಿ ಎಷ್ಟು ಮಂದಿ ಹಿಂದಿರುಗುತ್ತಾರೆಂಬುದನ್ನು ಯಾವ ಕಚೇರಿಯ ವಹಿಯಲ್ಲೂ ಬರೆದಿಡುವುದಿಲ್ಲ. ಅರ್ಜಿ ಸ್ವೀಕರಿಸುವವರೂ ಸಲ್ಲಿಸುವವರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯ. ತತ್ಸಂಬಂಧ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಅ) ವರ್ಗಾವಣೆ ಪ್ರಮಾಣ ಪತ್ರ: 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕರಣ 5ರಂತೆ, 8ನೇ ತರಗತಿಯವರೆಗಿನ ಮಗುವು ಮತ್ತೊಂದು ಶಾಲೆಗೆ ಸೇರಲು ಕೇಳಿದಾಗ ಮುಖ್ಯ ಶಿಕ್ಷಕರು ಕೂಡಲೇ ವರ್ಗಾವಣೆ ಪತ್ರ ನೀಡಬೇಕು. ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತಿಲ್ಲ.

ಆ) ವಯಸ್ಸಿನ ದಾಖಲೆ: ಇದೇ ಕಾಯ್ದೆಯ ಪ್ರಕರಣ 14ರಂತೆ ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ. ಪ್ರಕರಣ 17ರಂತೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ನಿಷಿದ್ಧ.

ಇ) ಪ್ರಮಾಣ ಪತ್ರಗಳು: ಆದಾಯ ಮತ್ತು ಜಾತಿ ಪ್ರಮಾಣ ಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಹಿಂದೆ ಪಡೆದ ಪತ್ರದ ಅವಧಿ ಮುಗಿದಿದೆಯೇ ಎಂಬುದನ್ನು ಏಪ್ರಿಲ್ ಮಾಹೆಯಲ್ಲಿಯೇ ಪರಿಶೀಲಿಸಿಕೊಳ್ಳುವುದು ಸೂಕ್ತ. ವಿದ್ಯಾರ್ಥಿ ವೇತನದ ಅರ್ಜಿಯಲ್ಲಿ ಈ ಪತ್ರದ ಆರ್.ಡಿ. ಸಂಖ್ಯೆ ಅವಶ್ಯವಾಗುತ್ತದೆ.

ಈ) ಸಕಾಲ: 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದಡಿ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಲು ಅವಕಾಶವಿದೆ. ಮೊತ್ತ ಚಿಕ್ಕದು, ಆದರೆ ವಿಳಂಬಕ್ಕೆ ಲೆಕ್ಕವಿದೆ ಎಂಬುದು ಚಿಕ್ಕ ಮಾತಲ್ಲ.

ಉ) ದುಡಿಮೆ: 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ನೇಮಿಸುವುದೂ, 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಕ್ಕೆ ನೇಮಿಸುವುದೂ ಶಿಕ್ಷಾರ್ಹ ಅಪರಾಧ. ಕಾನೂನು ಅನುಮತಿಸುವ ಕೆಲಸವೇ ಆದರೂ ಅದು ಓದಿನ ಮತ್ತು ನಿದ್ರೆಯ ವೇಳೆಯನ್ನು ನುಂಗದಂತೆ ಪೋಷಕರು ನೋಡಿಕೊಳ್ಳಬೇಕು.

ಊ) ಪ್ರಯಾಣ: ಕರ್ನಾಟಕದ ವಿದ್ಯಾರ್ಥಿನಿಯರು 11-06-2023ರಂದು ಆರಂಭಗೊಂಡ ಶಕ್ತಿ ಯೋಜನೆಯಡಿ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಮನೆ ಬದಲಾದರೂ ಹಳೆಯ ಶಾಲೆಯಲ್ಲಿಯೇ ಮುಂದುವರಿಯಲು ಇದರಿಂದ ಅನುಕೂಲವಾಗುತ್ತದೆ.

8. ಲಭ್ಯವಿರುವ ನೆರವು

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 07-01-2014ರಂದು ಆರಂಭವಾಯಿತು. ಪೌಷ್ಟಿಕತೆ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆಯ ತಡೆ, ಮಾದಕ ವಸ್ತುಗಳ ದುರ್ಬಳಕೆ, ಅಸಾಂಕ್ರಾಮಿಕ ರೋಗಗಳು ಇದರ ಆರು ವಿಷಯಗಳು. ಇದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಹದಿಹರೆಯದವರ ಆಪ್ತ ಸಮಾಲೋಚನಾ ಕೇಂದ್ರಗಳನ್ನು ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಎಂದು ಕರೆಯಲಾಗುತ್ತದೆ. ಸಮೀಪದ ಸ್ನೇಹ ಕ್ಲಿನಿಕ್‌ನ ಸ್ಥಳ ಮತ್ತು ವೇಳೆಯನ್ನು ಆಶಾ ಕಾರ್ಯಕರ್ತೆಯರಿಂದ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಿಳಿಯಬಹುದು.

02-09-2025ರಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ನಗರದ ಅಂಚಿನ ಪ್ರದೇಶಗಳಲ್ಲಿ ಒಂದು ಬಡಾವಣೆ ಪಾಲಿಕೆಯ ವ್ಯಾಪ್ತಿಯಲ್ಲಿಯೂ ಅದರ ಪಕ್ಕದ ಬಡಾವಣೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿಯೂ ಇರುವುದುಂಟು. ತಮ್ಮ ಮನೆ ಯಾವ ವ್ಯಾಪ್ತಿಗೆ ಬರುತ್ತದೆಂಬ ಗೊಂದಲದಿಂದ ಮಗುವಿನ ಆರೋಗ್ಯದ ವಿಷಯವನ್ನು ಮುಂದೂಡಬಾರದೆಂದು ಕೋರಲಾಗಿದೆ. ಹತ್ತಿರದ ಕೇಂದ್ರಕ್ಕೆ ಹೋಗುವುದೇ ಸರಿಯಾದ ಕ್ರಮ.

ದೂರವಾಣಿ ಮೂಲಕ ದೊರೆಯುವ ಉಚಿತ ನೆರವು ಈ ಕೆಳಕಂಡಂತಿದೆ.

ಟೆಲಿ ಮಾನಸ್ (ಮಾನಸಿಕ ಆರೋಗ್ಯ, ದಿನದ 24 ಗಂಟೆ, ಕನ್ನಡದಲ್ಲಿಯೂ ಲಭ್ಯ): 14416
ಮಕ್ಕಳ ಸಹಾಯವಾಣಿ: 1098
ಮಾದಕ ವಸ್ತು ವ್ಯಸನ ಮುಕ್ತಿ ಸಹಾಯವಾಣಿ: 14446
ತುರ್ತು ಸಂದರ್ಭ: 112

9. ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಸಮಾಲೋಚಕರ ಬಳಿ ಹೋದರೆ ಮಗುವಿಗೆ ಮಾನಸಿಕ ರೋಗಿ ಎಂಬ ಹೆಸರು ಬರುವುದಿಲ್ಲವೇ?
ಉತ್ತರ: ಸಮಾಲೋಚನೆಯು ಗೌಪ್ಯವಾಗಿರುತ್ತದೆ. ಓದಿನ ಒತ್ತಡ, ಊಟ, ನಿದ್ರೆ, ಮುಟ್ಟಿನ ತೊಂದರೆ, ಗೆಳೆತನದ ಸಮಸ್ಯೆ ಇವುಗಳಿಗಾಗಿಯೂ ಸ್ನೇಹ ಕ್ಲಿನಿಕ್‌ಗೆ ಹೋಗಬಹುದು.

ಪ್ರಶ್ನೆ: ಮಗು ಹೇಳಿದ್ದನ್ನೆಲ್ಲ ಪೋಷಕರಿಗೆ ತಿಳಿಸುತ್ತಾರೆಯೇ?
ಉತ್ತರ: ಸಾಮಾನ್ಯ ಮಾತುಕತೆಯನ್ನು ತಿಳಿಸುವುದಿಲ್ಲ. ಮಗುವಿನ ಪ್ರಾಣಕ್ಕೆ ಅಪಾಯವಿದ್ದಲ್ಲಿ ಪೋಷಕರನ್ನು ಸೇರಿಸಿಕೊಳ್ಳಬೇಕಾಗುತ್ತದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದಲ್ಲಿ 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ.

ಪ್ರಶ್ನೆ: ಮೊಬೈಲನ್ನು ಪೂರ್ತಿ ಕಸಿದುಕೊಳ್ಳುವುದು ಸರಿಯೇ?
ಉತ್ತರ: ಮಿತಿ ಬೇಕು. ಆದರೆ ಮಿತಿಯನ್ನು ಮಗುವಿನೊಂದಿಗೆ ಕುಳಿತು ಗೊತ್ತುಪಡಿಸಿ, ಅದನ್ನು ಮನೆಯ ಹಿರಿಯರೂ ಪಾಲಿಸಿದಲ್ಲಿ ಸಂಬಂಧ ಕೆಡುವುದಿಲ್ಲ. ಕಸಿದುಕೊಂಡ ಮೊಬೈಲ್ ಮತ್ತೆ ಸಿಗುತ್ತದೆ. ನಿಂತುಹೋದ ಮಾತು ಅಷ್ಟು ಬೇಗ ಮರಳುವುದಿಲ್ಲ.

ಪ್ರಶ್ನೆ: ಮಗು 10ನೇ ತರಗತಿಯಲ್ಲಿ ಅನುತ್ತೀರ್ಣವಾದರೆ ಏನು ಮಾಡಬೇಕು?
ಉತ್ತರ: ಅದೇ ವರ್ಷದಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶವಿದೆ. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬಾರದು. ಬೈಗುಳ ಮತ್ತು ಹೋಲಿಕೆಗಳನ್ನು ದೂರವಿಡಬೇಕು. ಬದುಕುವುದು ಬೇಡ ಎಂಬರ್ಥದ ಯಾವ ಮಾತನ್ನೂ ತಮಾಷೆಯೆಂದು ಬಿಡದೆ, ಕೂಡಲೇ 14416ಕ್ಕೆ ಕರೆ ಮಾಡಬೇಕು.

10. ಸಮಾರೋಪ

ಕಾನೂನು ಸಿಗರೇಟನ್ನು ಅಂಗಡಿಯಲ್ಲಿ ತಡೆಯಬಹುದು. ಸಮಾಲೋಚಕರನ್ನು ಶಾಲೆಯಲ್ಲಿ ನೇಮಿಸುವಂತೆ ಆದೇಶಿಸಬಹುದು. ಮಗುವನ್ನು ಅರಿತ ಒಬ್ಬ ಹಿರಿಯರು ಹತ್ತಿರವಿರುವಂತೆ ಮಾಡುವ ಕೆಲಸ ಮನೆ, ಶಾಲೆ, ಕಚೇರಿ ಮೂವರಿಗೂ ಸೇರಿದ್ದು. ಇದಕ್ಕೆ ತಗಲುವ ವೆಚ್ಚ ಅಲ್ಪ. ಆದರೆ ಈ ಬಾಬ್ತನ್ನು ಬಿಟ್ಟುಬಿಟ್ಟರೆ ಮುಂದೆ ತುಂಬಿಕೊಡಲು ಯಾವ ಅನುದಾನವೂ ಸಾಲದು.

ಮುಂದಿನ ಬಾರಿ ಮಗನ ಅಥವಾ ಮಗಳ ಪ್ರಮಾಣ ಪತ್ರಕ್ಕಾಗಿ ಬರುವಾಗ, ಸಾಧ್ಯವಿದ್ದಲ್ಲಿ ಅವರನ್ನೂ ಜೊತೆಗೆ ಕರೆತಂದು, ಅರ್ಜಿಯನ್ನು ಅವರ ಕೈಯಿಂದಲೇ ತುಂಬಿಸಬೇಕೆಂದು ವಿನಂತಿಸಲಾಗಿದೆ. ಸರದಿಯಲ್ಲಿ ಕಳೆಯುವ ಆ ಒಂದು ಗಂಟೆಯೂ ತಂದೆ ಮಕ್ಕಳು, ತಾಯಿ ಮಕ್ಕಳು ಮಾತನಾಡಲು ಸಿಗುವ ಸಮಯವೇ ಆಗಿದೆ.

ಸಹಿ/-
ಶಾಖಾಧಿಕಾರಿ